ಬಾತುಮೊಟ್ಟೆಗಳಿಂದ ಮರಿ ಬಾರದಿರುವುದೇಕೆ? – ಕರಾವಳಿಯ ಮಳೆಗಾಲದ ಒಂದು ಲೆಕ್ಕಾಚಾರ

ಕ್ರಿಸ್‌ಮಸ್ ಔತಣದಲ್ಲಿ ಬಾತುಕೋಳಿಯ ಖಾದ್ಯ ಮಂಗಳೂರಿನ ಕ್ರೈಸ್ತ ಕುಟುಂಬಗಳಿಗೆ ಹೊಸತಲ್ಲ. ಈ ಹಬ್ಬದ ಮಾರುಕಟ್ಟೆಯನ್ನು ಗಮನದಲ್ಲಿರಿಸಿಕೊಂಡು ಬಾತು ಸಾಕುವವರು ದಿನಗಣನೆಯನ್ನು ಹಿಂದಿನಿಂದ ಆರಂಭಿಸಬೇಕಾಗುತ್ತದೆ. ಮಾಂಸದ ತಳಿಯಾದ ಬಿಳಿ ಪೆಕಿನ್ ಮಾದರಿಯ ಬಾತುಗಳನ್ನು 10 ವಾರ ಸಾಕಿ ಡಿಸೆಂಬರ್ 25ಕ್ಕೆ ಮಾರುವುದಾದರೆ ಮರಿಗಳು ಅಕ್ಟೋಬರ್ 16ರ ವೇಳೆಗೆ ಹೊರಬಂದಿರಬೇಕು. ಕಾವಿನ ಅವಧಿ 28 ದಿನಗಳಾದ್ದರಿಂದ ಮೊಟ್ಟೆಗಳನ್ನು ಸೆಪ್ಟೆಂಬರ್ 18ರಂದು, ಅಂದರೆ ಮೊಂತಿ ಫೆಸ್ತ್ ಕಳೆದ ಹತ್ತನೆಯ ದಿನ, ಯಂತ್ರದಲ್ಲಿ ಇರಿಸಬೇಕು. ನಿಧಾನವಾಗಿ ಬೆಳೆಯುವ ನಾಟಿ ಬಾತುಗಳಿಗೆ 16 ವಾರಗಳನ್ನಾದರೂ ಕೊಡಬೇಕಾಗಿರುವುದರಿಂದ ಅವುಗಳ ಮೊಟ್ಟೆಗಳು ಆಗಸ್ಟ್ 7ರೊಳಗೆ ಕಾವಿಗೆ ಹೋಗಬೇಕು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಅಧಿಕ ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವ ಈ ಊರಿನಲ್ಲಿ ಹಬ್ಬದ ಬಾತುಗಳೆಲ್ಲವೂ ಮಳೆಗಾಲದ ಮೊಟ್ಟೆಗಳಿಂದಲೇ ಹುಟ್ಟಬೇಕಾಗಿದೆ.

ಮರಿಗಳನ್ನು ಹೊರಗಿನಿಂದ ತರಿಸುವ ದಾರಿಯೂ ಇದೆ. ಚಾರ, ಚೆಂಬಲ್ಲಿ ಎಂಬ ಹೆಸರಾಂತ ಬಾತುಗಳ ತವರಾದ ಕೇರಳದ ಕುಟ್ಟನಾಡು ದೂರವೇನಲ್ಲ. ಆದರೆ ಆಲಪ್ಪುಳ ಜಿಲ್ಲೆಯ ಬಾತುಗಳಲ್ಲಿ 2014, 2021 ಮತ್ತು 2024ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಅನುಭವವನ್ನು ವ್ಯಾಪಾರಿಗಳು ಮರೆತಿಲ್ಲ. ರೋಗದ ಸುದ್ದಿ ಬಂದ ಕೂಡಲೇ ಗಡಿಯಲ್ಲಿ ತಪಾಸಣೆ ಬಿಗಿಯಾಗುತ್ತದೆ, ಸಾಗಾಟ ನಿಲ್ಲುತ್ತದೆ, ಮುಂಗಡ ಕೊಟ್ಟವನು ಕೈಕಟ್ಟಿ ಕೂರಬೇಕಾಗುತ್ತದೆ. ಆದಕಾರಣ ಸ್ಥಳೀಯವಾಗಿಯೇ ಮರಿ ಮಾಡಿಸಿಕೊಳ್ಳುವ ಸಣ್ಣ ಹ್ಯಾಚರಿಗಳಿಗೆ ವ್ಯಾಪಾರಿ ದೃಷ್ಟಿಯಿಂದ ಮಹತ್ವವಿದೆ. ಇಂತಹ ಹ್ಯಾಚರಿಯ ಲಾಭ-ನಷ್ಟ ನಿಂತಿರುವುದು ಒಂದೇ ಅಂಕಿಯ ಮೇಲೆ. ಮೊಟ್ಟೆಯ ಬೆಲೆ, ವಿದ್ಯುತ್ತು, ಕೂಲಿ ಸೇರಿ ಒಂದು ಮೊಟ್ಟೆಗೆ 20 ರೂಪಾಯಿ ತಗಲುತ್ತದೆ ಎಂದಿಟ್ಟುಕೊಂಡರೆ 100 ಮೊಟ್ಟೆಗಳಿಗೆ 2,000 ರೂಪಾಯಿ. 70 ಮರಿಗಳು ಬಂದರೆ ಒಂದು ಮರಿಯ ಅಸಲು 29 ರೂಪಾಯಿಯೊಳಗೆ ನಿಲ್ಲುತ್ತದೆ. 40 ಬಂದರೆ 50 ರೂಪಾಯಿ ಮುಟ್ಟುತ್ತದೆ.

ಮೊದಲು ಎಣಿಕೆ ಸರಿಯಾಗಲಿ

"ನೂರಕ್ಕೆ ನಲವತ್ತೆಂಟು ಮರಿ ಬಂತು" ಎಂಬ ಮಾತಿನಿಂದ ದೋಷ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಆ ನೂರರಲ್ಲಿ 40 ಮೊಟ್ಟೆಗಳು ಫಲಿತವೇ ಆಗಿರದಿದ್ದರೆ ಫಲಿತವಾದ 60ರಲ್ಲಿ 48 ಮರಿಗಳು, ಅಂದರೆ ಶೇ. 80 ಬಂದಂತಾಯಿತು, ಯಂತ್ರದ ತಪ್ಪಿಲ್ಲ, ತಪ್ಪು ಸಾಕಣೆಯ ಅಂಗಳದಲ್ಲಿದೆ. 95 ಮೊಟ್ಟೆಗಳು ಫಲಿತವಾಗಿದ್ದೂ 48 ಮರಿಗಳೇ ಬಂದಿದ್ದರೆ ತಪ್ಪು ಮೊಟ್ಟೆಯ ನಿರ್ವಹಣೆಯಲ್ಲಿ ಅಥವಾ ಯಂತ್ರದಲ್ಲಿದೆ. ಈ ಎರಡನ್ನೂ ಬೇರ್ಪಡಿಸಲು ಏಳನೆಯ ಅಥವಾ ಎಂಟನೆಯ ದಿನ ಕತ್ತಲೆ ಕೋಣೆಯಲ್ಲಿ ಪ್ರತಿ ಮೊಟ್ಟೆಯನ್ನೂ ದೀಪಕ್ಕೆ ಹಿಡಿದು ನೋಡುವುದು ಅನಿವಾರ್ಯ. ಜೇಡನ ಕಾಲುಗಳಂತೆ ರಕ್ತನಾಳಗಳು ಹರಡಿಕೊಂಡಿದ್ದರೆ ಭ್ರೂಣ ಜೀವಂತವಾಗಿದೆ. ರಕ್ತದ ಉಂಗುರ ಮಾತ್ರ ಉಳಿದಿದ್ದರೆ ಆರಂಭದ ದಿನಗಳಲ್ಲಿಯೇ ಸತ್ತಿದೆ. ಏನೂ ಕಾಣದೆ ತಿಳಿಯಾಗಿರುವ ಮೊಟ್ಟೆಯನ್ನು ಒಮ್ಮೆಗೇ ಬಂಜೆ ಎಂದು ಬರೆದಿಡುವುದು ಸರಿಯಲ್ಲ. ಮೊದಲ ಒಂದೆರಡು ದಿನಗಳಲ್ಲಿ ಸತ್ತ ಭ್ರೂಣವೂ ದೀಪದ ಬೆಳಕಿಗೆ ಹೀಗೆಯೇ ಕಾಣುತ್ತದೆ. ಅಂತಹವುಗಳಲ್ಲಿ ಕೆಲವನ್ನಾದರೂ ಒಡೆದು ಹಳದಿಯ ಮೇಲಿನ ಚುಕ್ಕೆಯನ್ನು ನೋಡಬೇಕು.

28 ದಿನ ಕಳೆದ ಬಳಿಕ ಒಡೆಯದೆ ಉಳಿದ ಮೊಟ್ಟೆಗಳನ್ನು ಹೊಂಡಕ್ಕೆ ಎಸೆಯುವುದು ರೂಢಿಯಾಗಿದೆ. ಹ್ಯಾಚರಿಯಲ್ಲಿ ಅವುಗಳಿಗಿಂತ ಬೆಲೆಯುಳ್ಳ ದಾಖಲೆ ಬೇರೊಂದಿಲ್ಲ. ಕನಿಷ್ಠ ಇಪ್ಪತ್ತು ಮೊಟ್ಟೆಗಳನ್ನು ಒಡೆದು ಭ್ರೂಣ ಯಾವ ಹಂತದಲ್ಲಿ, ಯಾವ ಭಂಗಿಯಲ್ಲಿ ಸತ್ತಿದೆ ಎಂಬುದನ್ನು ಬರೆದಿಡಬೇಕು. ಸಾವುಗಳು ಸಾಮಾನ್ಯವಾಗಿ ಮೊದಲ ವಾರದಲ್ಲಿ ಮತ್ತು ಕಡೆಯ ಮೂರು-ನಾಲ್ಕು ದಿನಗಳಲ್ಲಿ ಹೆಚ್ಚು. ಮಧ್ಯದ ಎರಡು ವಾರಗಳಲ್ಲಿ ಸತ್ತವುಗಳ ಸಂಖ್ಯೆ ಎದ್ದು ಕಂಡರೆ ಮೊಟ್ಟೆಯೊಳಗೆ ಸೋಂಕು ಹೊಕ್ಕಿದೆ ಅಥವಾ ತಾಯಿಬಾತುಗಳ ಆಹಾರದಲ್ಲಿ ಕೊರತೆಯಿದೆ ಎಂದು ಶಂಕಿಸಬೇಕು.

ಮುಳುಗಿ ಸತ್ತ ಮರಿ

ಕರಾವಳಿಯ ಮಳೆಗಾಲದಲ್ಲಿ ಒಡೆದು ನೋಡಿದ ಮೊಟ್ಟೆಗಳಲ್ಲಿ ಪದೇಪದೇ ಎದುರಾಗುವ ದೃಶ್ಯವೊಂದಿದೆ. ಮರಿ ಪೂರ್ಣವಾಗಿ ಬೆಳೆದಿರುತ್ತದೆ, ಮೈಯೂದಿಕೊಂಡು ಒದ್ದೆಯಾಗಿರುತ್ತದೆ, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶ ಚಿಕ್ಕದಾಗಿರುತ್ತದೆ, ಒಡೆದೊಡನೆ ದ್ರವ ಹೊರಗೆ ಹರಿಯುತ್ತದೆ. ಕಾವಿನ ಅವಧಿಯಲ್ಲಿ ಮೊಟ್ಟೆಯಿಂದ ಸಾಕಷ್ಟು ನೀರಿನಂಶ ಆರಿಹೋಗದಿದ್ದರೆ ಹೀಗಾಗುತ್ತದೆ. 25ನೆಯ ದಿನದ ಸುಮಾರಿಗೆ ಮರಿ ತನ್ನ ಕೊಕ್ಕನ್ನು ಗಾಳಿಕೋಶದೊಳಕ್ಕೆ ತೂರಿಸಿ ಮೊದಲ ಉಸಿರನ್ನು ಎಳೆಯಬೇಕು. ಅಲ್ಲಿ ಗಾಳಿಯೇ ಇಲ್ಲದಿದ್ದರೆ, ಮೈ ಹೊರಳಿಸಲು ಎಡೆಯೂ ಇಲ್ಲದಿದ್ದರೆ, ಹೊಸ್ತಿಲವರೆಗೆ ಬಂದ ಮರಿ ಅಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ಒಳ್ಳೆಯ ಫಲಿತಾಂಶಕ್ಕೆ ಮೊದಲ 25 ದಿನಗಳಲ್ಲಿ ಮೊಟ್ಟೆಯ ತೂಕ ಶೇ. 12ರಿಂದ 14ರಷ್ಟು ಇಳಿದಿರಬೇಕು.

ಇಂತಹ ಮರಿಗಳನ್ನು ಕಂಡವರು ಮಳೆಯನ್ನು ದೂರುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಮಳೆಯ ಮೇಲಿನ ಆರೋಪ ನಿಲ್ಲುವುದಿಲ್ಲ. ಹೊರಗಿನ ಗಾಳಿ 26 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇ. 90 ಇರಲಿ. ಅದೇ ಗಾಳಿ ಯಂತ್ರದೊಳಗೆ ಹೊಕ್ಕು 37.5 ಡಿಗ್ರಿಗೆ ಬಿಸಿಯಾದಾಗ ಅದರಲ್ಲಿನ ನೀರಾವಿ ಅಷ್ಟೇ ಇದ್ದರೂ ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚುವುದರಿಂದ ಆರ್ದ್ರತೆ ಸುಮಾರು ಶೇ. 47ಕ್ಕೆ ಇಳಿಯುತ್ತದೆ. ಬಾತುಮೊಟ್ಟೆಗಳಿಗೆ ಮೊದಲ 25 ದಿನ ಬೇಕಾಗಿರುವುದು ಶೇ. 55ರ ಆಸುಪಾಸು. ಅಂದರೆ ಆಟಿಯ ಜಡಿಮಳೆಯ ಗಾಳಿಯೂ ಯಂತ್ರದೊಳಗೆ ಅಗತ್ಯಕ್ಕಿಂತ ತುಸು ಒಣಗಿಯೇ ಇರುತ್ತದೆ. ಉಳಿದ ಅಂತರವನ್ನು ಮೊಟ್ಟೆಗಳಿಂದಲೇ ಹೊರಡುವ ಆವಿ ಬಹುಮಟ್ಟಿಗೆ ತುಂಬಿಕೊಡುತ್ತದೆ.

ಹಾಗಿದ್ದಲ್ಲಿ ಮರಿ ಮುಳುಗುವುದೇಕೆ? ಬಾತು ನೀರಿನ ಹಕ್ಕಿಯಾದ್ದರಿಂದ ಅದರ ಮೊಟ್ಟೆಗೆ ಕೋಳಿಮೊಟ್ಟೆಗಿಂತ ಹೆಚ್ಚು ತೇವ ಬೇಕೆಂದು ಯಂತ್ರದ ಕೈಪಿಡಿಗಳಲ್ಲಿ ಬರೆದಿರುತ್ತದೆ. ನೀರಿನ ತಟ್ಟೆಗಳನ್ನು ಸದಾ ತುಂಬಿಡಬೇಕೆಂಬ ಸೂಚನೆಯೂ ಇರುತ್ತದೆ. ಅದು ಒಣಹವೆಯ ಊರುಗಳಿಗೆ ಸರಿ. ಜನವರಿಯ ಮಧ್ಯಾಹ್ನ ಬೆಂಗಳೂರಿನಲ್ಲಿ 27 ಡಿಗ್ರಿ, ಶೇ. 35 ಆರ್ದ್ರತೆ ಇರುವ ಗಾಳಿ ಯಂತ್ರದೊಳಗೆ ಶೇ. 20ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ ತಟ್ಟೆ ತುಂಬದಿದ್ದರೆ ಮೊಟ್ಟೆ ಒಣಗಿಹೋಗುತ್ತದೆ. ಅದೇ ಸೂಚನೆಯನ್ನು ಆಗಸ್ಟಿನ ಮಂಗಳೂರಿನಲ್ಲಿ ಚಾಚೂ ತಪ್ಪದೆ ಪಾಲಿಸಿದವರ ಯಂತ್ರದಲ್ಲಿ ಆರ್ದ್ರತೆ ಶೇ. 70ನ್ನು ದಾಟಬಹುದು. ಇದರ ಜೊತೆಗೆ, ಹೊರಗೆ ಚಳಿಗಾಳಿ ಬೀಸುತ್ತಿದೆಯೆಂದು ಗಾಳಿಯ ಕಿಂಡಿಗಳನ್ನು ಮುಚ್ಚಿಬಿಟ್ಟರೆ ಆವಿಗೆ ಹೊರಹೋಗುವ ದಾರಿಯೂ ಇಲ್ಲದಾಗುತ್ತದೆ. ಆದ್ದರಿಂದ ಸಾವಿರಾರು ರೂಪಾಯಿ ಸುರಿದು ತೇವ ಹೀರುವ ಯಂತ್ರ ಕೊಳ್ಳುವ ಮುನ್ನ ಖರ್ಚಿಲ್ಲದ ಎರಡು ಕೆಲಸಗಳನ್ನು ಮಾಡಿ ನೋಡುವುದು ಲೇಸು: ತಟ್ಟೆಯ ನೀರನ್ನು ಚೆಲ್ಲುವುದು, ಕಿಂಡಿಗಳನ್ನು ತೆರೆಯುವುದು.

ಇದಕ್ಕೆ ನಂಬಬಹುದಾದ ಸಾಧನ ತಕ್ಕಡಿ. ಅಗ್ಗದ ಆರ್ದ್ರತಾ ಮಾಪಕಗಳು ಕೆಲವೇ ತಿಂಗಳುಗಳಲ್ಲಿ ದಾರಿ ತಪ್ಪುತ್ತವೆ. ಒದ್ದೆ ಬತ್ತಿಯ ಉಷ್ಣಮಾಪಕ ಉತ್ತಮವಾದರೂ (37.5 ಡಿಗ್ರಿಯಲ್ಲಿ ಒದ್ದೆ ಬತ್ತಿಯು 29.5 ಡಿಗ್ರಿ ತೋರಿಸಿದರೆ ಆರ್ದ್ರತೆ ಶೇ. 55ರಷ್ಟಿದೆ ಎಂದರ್ಥ) ಬತ್ತಿ ಕೊಳೆಯಾಗಿ ಗಟ್ಟಿಯಾದಾಗ ಅದೂ ಸುಳ್ಳು ಹೇಳತೊಡಗುತ್ತದೆ. ತೂಕ ಹಾಗಲ್ಲ. 70 ಗ್ರಾಮಿನ 30 ಮೊಟ್ಟೆಗಳಿರುವ ಒಂದು ತಟ್ಟೆಯ ಮೊಟ್ಟೆಗಳ ತೂಕ 2,100 ಗ್ರಾಂ. ಶೇ. 13ರ ಗುರಿ ಇರಿಸಿಕೊಂಡರೆ 25 ದಿನಗಳಲ್ಲಿ 273 ಗ್ರಾಂ, ದಿನಕ್ಕೆ ಸುಮಾರು 11 ಗ್ರಾಂ ಇಳಿಯಬೇಕು. ಏಳನೆಯ ದಿನ 76 ಗ್ರಾಂ ಮತ್ತು ಹದಿನಾಲ್ಕನೆಯ ದಿನ 153 ಗ್ರಾಂ ಇಳಿದಿದ್ದರೆ ಎಲ್ಲವೂ ಸರಿಯಾಗಿದೆ. ಏಳನೆಯ ದಿನಕ್ಕೆ 50 ಗ್ರಾಂ ಮಾತ್ರ ಇಳಿದಿದ್ದರೆ ಸರಿಪಡಿಸಲು ಇನ್ನೂ ಹದಿನೆಂಟು ದಿನಗಳ ಕಾಲಾವಕಾಶವಿದೆ, ನೀರು ತೆಗೆಯಬೇಕು. 100 ಗ್ರಾಂ ಇಳಿದಿದ್ದರೆ ನೀರು ಸೇರಿಸಬೇಕು. ದೀಪಪರೀಕ್ಷೆಯಲ್ಲಿ ಬಂಜೆ ಮೊಟ್ಟೆಗಳನ್ನು ತೆಗೆದಾಗ ಉಳಿದವುಗಳನ್ನು ಮತ್ತೆ ತೂಗಿ ಹೊಸದಾಗಿ ಬರೆದುಕೊಳ್ಳಲು ಮರೆಯಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಈ ಕೆಲಸಕ್ಕೆ ಸಾಕು.

25ನೆಯ ದಿನದ ಅನಂತರ ನಿಯಮ ತಿರುಗುಮುರುಗಾಗುತ್ತದೆ. ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಉಷ್ಣತೆಯನ್ನು 37.2 ಡಿಗ್ರಿಗೆ ಇಳಿಸಿ, ಆರ್ದ್ರತೆಯನ್ನು ಶೇ. 75ರಿಂದ 80ಕ್ಕೆ ಏರಿಸಬೇಕು. ಒದ್ದೆ ಬತ್ತಿ 33ರಿಂದ 34 ಡಿಗ್ರಿ ತೋರಿಸಬೇಕು. ಚಿಪ್ಪಿನ ಒಳಪೊರೆ ಮೃದುವಾಗಿ ಉಳಿಯುವುದು ಹೀಗೆ. ಬಾತುಮರಿ ಮೊದಲ ಬಿರುಕು ಮೂಡಿಸಿದ ಮೇಲೆ ಪೂರ್ಣವಾಗಿ ಹೊರಬರಲು 24ರಿಂದ 48 ಗಂಟೆ ತೆಗೆದುಕೊಳ್ಳಬಹುದು. ಈ ಅವಧಿಯಲ್ಲಿ ಕುತೂಹಲದಿಂದ ಗಂಟೆಗೊಮ್ಮೆ ಬಾಗಿಲು ತೆರೆದು ನೋಡಿದರೆ ತೇವವೆಲ್ಲ ಹೊರಹೋಗಿ ಪೊರೆ ಕಾಗದದಂತೆ ಮರಿಗೆ ಅಂಟಿಕೊಳ್ಳುತ್ತದೆ. ಗೊಂದಲವಾಗುವುದು ಇಲ್ಲಿಯೇ. 25 ದಿನ ಅತಿಯಾದ ತೇವದಲ್ಲಿದ್ದು, ಕೊನೆಯ ಮೂರು ದಿನ ಬಾಗಿಲು ತೆರೆದು ಒಣಗಿದ ಒಂದೇ ತಂಡದಲ್ಲಿ ಮುಳುಗಿದ ಮರಿಗಳೂ ಇರುತ್ತವೆ, ಪೊರೆ ಅಂಟಿ ಸತ್ತ ಮರಿಗಳೂ ಇರುತ್ತವೆ. ಪೊರೆ ಅಂಟಿದವುಗಳನ್ನು ಮಾತ್ರ ಕಂಡು ಮುಂದಿನ ಬಾರಿ ಮೊದಲ ದಿನದಿಂದಲೇ ಇನ್ನಷ್ಟು ನೀರು ತುಂಬುವವರಿದ್ದಾರೆ. ಅವರ ಮರಿ ಪ್ರಮಾಣ ಮತ್ತಷ್ಟು ಕುಸಿಯುತ್ತದೆ.

ಯಂತ್ರಕ್ಕೆ ಬರುವ ಮುನ್ನ

ಬಾತುಗಳು ಮೊಟ್ಟೆಯಿಡುವುದು ಬಹುತೇಕ ಬೆಳಗಿನ ಜಾವ, ಅದೂ ಸಿಕ್ಕಸಿಕ್ಕಲ್ಲಿ. ಕೆಸರಾದ ನೆಲದ ಮೇಲೆ ಬಿದ್ದ ಬೆಚ್ಚನೆಯ ಮೊಟ್ಟೆ ತಣಿಯುವಾಗ ಒಳಗಿನ ದ್ರವ ಕುಗ್ಗಿ ಚಿಪ್ಪಿನ ರಂಧ್ರಗಳ ಮೂಲಕ ಹೊರಗಿನದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕೆಸರಿನೊಂದಿಗೆ ರೋಗಾಣುಗಳೂ ಹೊಕ್ಕುತ್ತವೆ. ಎರಡು ವಾರಗಳ ಬಳಿಕ ಯಂತ್ರದೊಳಗೆ ಕೊಳೆತ ಮೊಟ್ಟೆ ಸಿಡಿದು ಸುತ್ತಲಿನವನ್ನೆಲ್ಲ ಕೆಡಿಸುವುದಕ್ಕೆ ಮೂಲ ಇದೇ. ಇಂತಹ ಮೊಟ್ಟೆಯನ್ನು ಬಾವಿಯ ತಣ್ಣೀರಿನಲ್ಲಿ ತೊಳೆಯುವುದು ಅದೇ ತಪ್ಪನ್ನು ಮತ್ತೊಮ್ಮೆ ಮಾಡಿದಂತೆ. ತೊಳೆಯಲೇಬೇಕೆಂದಿದ್ದರೆ ನೀರು ಮೊಟ್ಟೆಗಿಂತ ಬಿಸಿಯಾಗಿ, 40 ಡಿಗ್ರಿಯ ಸುಮಾರಿನಲ್ಲಿ, ಸೋಂಕುನಿವಾರಕ ಬೆರೆಸಿದ್ದಾಗಿರಬೇಕು. ಅದಕ್ಕಿಂತ ಮೇಲಾದುದು ರಾತ್ರಿ ಬಾತುಗಳನ್ನು ಒಣ ಹುಲ್ಲು ಅಥವಾ ಮರದ ಹೊಟ್ಟು ಹಾಸಿದ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಬೆಳಕು ಹರಿದೊಡನೆ ಮೊಟ್ಟೆ ಆರಿಸಿಕೊಂಡು ಅನಂತರ ಹೊರಬಿಡುವುದು. ತೀರ ಕೊಳೆಯಾದವುಗಳು ಅಡುಗೆಗೂ ಬೇಡ, ಕಾವಿಗೂ ಬೇಡ.

ಶೇಖರಣೆಯ ವಿಷಯದಲ್ಲಿಯೂ ಕರಾವಳಿಗೆ ತನ್ನದೇ ತೊಡಕುಗಳಿವೆ. ಮೊಟ್ಟೆಗಳನ್ನು 13ರಿಂದ 15 ಡಿಗ್ರಿಯಲ್ಲಿ ಒಂದು ವಾರದವರೆಗೆ ಇಡಬಹುದೆಂಬುದು ಶಾಸ್ತ್ರದ ಮಾತು. ಮಂಗಳೂರಿನ ಕೋಣೆಯ ಉಷ್ಣತೆ ಮಳೆಗಾಲದಲ್ಲಿಯೂ 26 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಈ ಬೆಚ್ಚನೆಯಲ್ಲಿ ಭ್ರೂಣ ಪೂರ್ತಿ ನಿದ್ರಿಸುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ. ದುರ್ಬಲವಾಗಿ, ಕಾವಿಗೆ ಹೋದ ಮೊದಲ ದಿನಗಳಲ್ಲಿಯೇ ಸಾಯುತ್ತದೆ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆಯಿಟ್ಟು ತಂಪು ಮಾಡುವ ಉಪಾಯ ಬಯಲುಸೀಮೆಯ ಬೇಸಗೆಯಲ್ಲಿ ಚೆನ್ನಾಗಿ ನಡೆಯುತ್ತದೆ, ನೀರು ಆರದ ಮಳೆಗಾಲದ ಕರಾವಳಿಯಲ್ಲಿ ನಡೆಯದು. ಮನೆಯ ಫ್ರಿಜ್ಜು ಅತಿ ತಂಪು. ಹವಾನಿಯಂತ್ರಿತ ಕೋಣೆ ಇಲ್ಲದವರು ಮೂರು-ನಾಲ್ಕು ದಿನಗಳಿಗೊಮ್ಮೆ ಚಿಕ್ಕ ತಂಡಗಳಾಗಿ ಕಾವಿಗಿಡುವುದೇ ಕ್ಷೇಮ. ಕೋಣೆ ಇದ್ದವರಿಗೆ ಬೇರೊಂದು ಎಚ್ಚರಿಕೆ: ತಂಪಿನಿಂದ ಹೊರತೆಗೆದ ಮೊಟ್ಟೆಯ ಮೇಲೆ ತೇವದ ಗಾಳಿ ತಗಲಿ ಬೆವರಿನಂತೆ ನೀರು ಕೂರುತ್ತದೆ. ಆ ನೀರಿನ ಪದರದಲ್ಲಿ ರೋಗಾಣುಗಳು ಸಲೀಸಾಗಿ ಒಳಹೋಗುತ್ತವೆ. ಮೊಟ್ಟೆಗಳನ್ನು ಫ್ಯಾನಿನ ಗಾಳಿಯಲ್ಲಿ ಕೋಣೆಯ ಉಷ್ಣತೆಗೆ ತಂದು, ಮೈ ಪೂರ್ತಿ ಆರಿದ ಬಳಿಕವೇ ಯಂತ್ರಕ್ಕೆ ಹಾಕಬೇಕು. ಶಿರಾಡಿ ಘಾಟಿಯ ತಿರುವುಗಳಲ್ಲಿ ಕುಲುಕಿಕೊಂಡು ಬಂದ ಮೊಟ್ಟೆಗಳಾದರೆ ಚೂಪು ತುದಿ ಕೆಳಗಾಗಿ ಒಂದು ದಿನ ವಿಶ್ರಾಂತಿಯೂ ಬೇಕು.

ವಿದ್ಯುತ್ ಹೋದಾಗ

ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಜಿಲ್ಲೆಯಲ್ಲಿ ವಿಶೇಷವಲ್ಲ. ಆಗ ಯಂತ್ರದ ಬಾಗಿಲು, ಕಿಂಡಿಗಳನ್ನೆಲ್ಲ ಮುಚ್ಚಿ ಗೋಣಿ ಹೊದಿಸುವುದು ಸಾಮಾನ್ಯ. ಮೊದಲ ಹತ್ತು-ಹನ್ನೆರಡು ದಿನಗಳ ಮೊಟ್ಟೆಗಳಿಗೆ ಅದು ಸರಿ. ಅವು ತಾವಾಗಿ ಶಾಖ ಉತ್ಪಾದಿಸುವುದಿಲ್ಲ, ಆದರೆ ಕೆಲವು ಗಂಟೆಗಳ ತಂಪನ್ನು ತಾಳಿಕೊಳ್ಳುತ್ತವೆ. ಕಡೆಯ ವಾರದ ಮೊಟ್ಟೆಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಬೆಳೆದ ಭ್ರೂಣಗಳು ಹೆಚ್ಚಿನ ಶಾಖವನ್ನು ಹೊರಸೂಸುತ್ತವೆ, ಆಮ್ಲಜನಕವನ್ನೂ ಹೆಚ್ಚು ಬಳಸುತ್ತವೆ. ಫ್ಯಾನು ನಿಂತು ಕಿಂಡಿ ಮುಚ್ಚಿದ ತುಂಬಿದ ಯಂತ್ರದಲ್ಲಿ ಅವು ಚಳಿಯಿಂದಲ್ಲ, ತಮ್ಮದೇ ಬಿಸಿಯಿಂದ ಸಾಯುತ್ತವೆ. ಆ ಹಂತದಲ್ಲಿ ಬಾಗಿಲನ್ನು ತುಸು ತೆರೆದಿಡಬೇಕು. ಇನ್ವರ್ಟರಿನ ಶಕ್ತಿ ಸೀಮಿತವಾಗಿದ್ದರೆ ಹೀಟರಿಗಿಂತ ಮೊದಲು ಫ್ಯಾನಿಗೆ ಸಂಪರ್ಕ ಕೊಡುವುದು ಯುಕ್ತ.

ಉಷ್ಣತೆಯ ಏರುಪೇರನ್ನು ಮರಿ ಬರುವ ದಿನವೇ ಹೇಳುತ್ತದೆ. 27ನೆಯ ದಿನ ತುಂಬುವ ಮೊದಲೇ ಬಹುಪಾಲು ಮರಿಗಳು ಹೊರಬಂದು, ಹೊಕ್ಕುಳು ಸರಿಯಾಗಿ ಮುಚ್ಚದಿದ್ದರೆ ಯಂತ್ರ ಬಿಸಿ. 29, 30ನೆಯ ದಿನದವರೆಗೆ ಎಳೆದರೆ ತಂಪು. ಫ್ಯಾನಿಲ್ಲದ ಪೆಟ್ಟಿಗೆ ಮಾದರಿಯ ಯಂತ್ರಗಳಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ ಉಷ್ಣತೆ 38.3 ಡಿಗ್ರಿಗಿಂತ ಕಡಿಮೆಯಾಗಬಾರದು. ಫ್ಯಾನಿರುವ ಯಂತ್ರದ 37.5 ಡಿಗ್ರಿಯನ್ನು ಇವುಗಳಿಗೆ ಅನ್ವಯಿಸಿ ತಡವಾದ, ಮೆತ್ತಗಿನ ಮರಿಗಳನ್ನು ಪಡೆಯುವವರು ಕಡಿಮೆಯೇನಿಲ್ಲ. ಯಂತ್ರದ ಅಂಕಿಯನ್ನು ಜ್ವರ ನೋಡುವ ಥರ್ಮೋಮೀಟರಿನಿಂದ ಆಗಾಗ ಪರೀಕ್ಷಿಸಬಹುದು. ದಿನಕ್ಕೆ ಕನಿಷ್ಠ ನಾಲ್ಕೈದು ಬಾರಿ ಮೊಟ್ಟೆ ತಿರುಗಿಸುವುದು, ಚೂಪು ತುದಿ ಮೇಲಾಗದಂತೆ ಜೋಡಿಸುವುದು ಎಲ್ಲರಿಗೂ ತಿಳಿದ ಸಂಗತಿಗಳು. ಬಾತುಮೊಟ್ಟೆಗಳನ್ನು ದಿನಕ್ಕೊಮ್ಮೆ ಹದಿನೈದು ನಿಮಿಷ ಹೊರಗೆ ತಣಿಸಿ ನೀರು ಚಿಮುಕಿಸುವ ಪದ್ಧತಿಯನ್ನು ಕೆಲವು ಹ್ಯಾಚರಿಗಳು ಅನುಸರಿಸುತ್ತವೆ, ಕೆಲವು ಬಿಟ್ಟಿವೆ. ಅನುಸರಿಸುವವರು ಕುದಿಸಿ ಉಗುರುಬೆಚ್ಚಗೆ ಮಾಡಿದ ನೀರನ್ನೇ ಬಳಸಲಿ.

ಅಂಗಳದ ದೋಷಗಳು

ಬಂಜೆ ಮೊಟ್ಟೆಗಳೇ ಹೆಚ್ಚಾಗಿದ್ದರೆ ಗಂಡುಗಳ ಲೆಕ್ಕ ನೋಡಬೇಕು. ಐದಾರು ಹೆಣ್ಣುಗಳಿಗೆ ಒಂದು ಗಂಡು ಇರಬೇಕು, ತಲೆ ಮುಳುಗಿಸುವಷ್ಟಾದರೂ ನೀರು ಬೇಕು. ಆಹಾರದ ವಿಚಾರದಲ್ಲಿ ಮಂಗಳೂರಿನಲ್ಲಿ ಎರಡು ಅಪಾಯಗಳಿವೆ. ದಕ್ಕೆಯಲ್ಲಿ ಅಗ್ಗವಾಗಿ ದೊರೆಯುವ ಮೀನಿನ ತ್ಯಾಜ್ಯ ಒಳ್ಳೆಯ ಪ್ರೋಟೀನು ನಿಜ. ಆದರೆ ಅದರ ಕೊಬ್ಬು ಕಮಟಿದಾಗ ಆಹಾರದ ಇ ಜೀವಸತ್ವ ನಾಶವಾಗುತ್ತದೆ, ಭ್ರೂಣಗಳು ಆರಂಭದಲ್ಲಿಯೇ ಸಾಯುತ್ತವೆ. ಎರಡನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಅಧಿಕ ಟರ್ಕಿ ಕೋಳಿಗಳು, ಜೊತೆಗೆ ಬಾತುಮರಿಗಳೂ ಸತ್ತಾಗ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಈ ವಿಷಕ್ಕೆ ಅತಿ ಬೇಗ ತುತ್ತಾಗುವ ಸಾಕುಹಕ್ಕಿಗಳಲ್ಲಿ ಬಾತೂ ಒಂದು. ಮಳೆಗಾಲದಲ್ಲಿ ಜೋಳ, ಹಿಂಡಿಗಳನ್ನು ನೆಲದಿಂದೆತ್ತರಿಸಿದ ಹಲಗೆಗಳ ಮೇಲೆ, ಹದಿನೈದು ದಿನಕ್ಕಾಗುವಷ್ಟು ಮಾತ್ರ ದಾಸ್ತಾನು ಮಾಡುವುದು ವಿವೇಕ.

ಹಿತ್ತಲಲ್ಲಿ ಮಸ್ಕೋವಿ ಬಾತುಗಳನ್ನು, ಅಂದರೆ ಮುಖದ ಮೇಲೆ ಕೆಂಪು ಗಂಟುಗಳಿರುವ ದಪ್ಪ ಬಾತುಗಳನ್ನು, ಇತರ ಬಾತುಗಳೊಂದಿಗೆ ಸಾಕುವವರು ಮೊಟ್ಟೆಗಳನ್ನು ಗುರುತು ಹಾಕಿ ಬೇರೆಯಾಗಿಡಬೇಕು. ಮಸ್ಕೋವಿಯ ಕಾವಿನ ಅವಧಿ 35 ದಿನ. 30ನೆಯ ದಿನ "ಇವು ಸತ್ತವು" ಎಂದು ಎಸೆದ ಮೊಟ್ಟೆಗಳಲ್ಲಿ ಜೀವಂತ ಮರಿಗಳಿರುತ್ತವೆ. ಎರಡೂ ಬೆರೆತರೆ ಫಲಿತ ಮೊಟ್ಟೆಗಳ ಪ್ರಮಾಣ ತಗ್ಗುತ್ತದೆ. ಆ ಬೆರಕೆಯ ಮರಿಗಳು ಮಾಂಸಕ್ಕೆ ಚೆನ್ನಾದರೂ ಮುಂದೆ ಅವುಗಳ ಮೊಟ್ಟೆಗಳಿಂದ ಮರಿಯಾಗುವುದಿಲ್ಲ.

ಹಬ್ಬದ ತಂಡವನ್ನು ಆಗಸ್ಟಿನಲ್ಲಿ ತುಂಬುವವರು ಜುಲೈ ಆರಂಭದಲ್ಲಿ ಮೂವತ್ತು ಮೊಟ್ಟೆಗಳ ಒಂದು ತಟ್ಟೆಯನ್ನು ಪರೀಕ್ಷಾರ್ಥವಾಗಿ, ನೀರಿಲ್ಲದೆ, ಕಿಂಡಿ ತೆರೆದು ನಡೆಸಿ ನೋಡಬಹುದು. ಏಳನೆಯ ಮತ್ತು ಹದಿನಾಲ್ಕನೆಯ ದಿನದ ತೂಕಗಳು ಕೈಗೆ ಬಂದಾಗ ಆ ಯಂತ್ರಕ್ಕೆ, ಆ ಕೋಣೆಯಲ್ಲಿ, ಎಷ್ಟು ನೀರು ಬೇಕೆಂಬುದು ಗೊತ್ತಾಗಿರುತ್ತದೆ. ಆಗಸ್ಟ್ 7ಕ್ಕೆ ಇನ್ನೂ ಎರಡು ವಾರಗಳಿಗಿಂತ ಹೆಚ್ಚು ಸಮಯ ಉಳಿದಿರುತ್ತದೆ.